ಕೋಟೆ ಬಾಗಿಲು ಮೊದ್ಲೇ ಹಾಕೋ ಕೆಲಸ

2013ರ ಫೆಬ್ರವರಿಲಿ ನಾನು ನೈರೋಬಿಲಿದ್ದೆ. ಬ್ಯಾಂಕ್ ಸಾಫ್ಟ್‌ವೇರ್ ಪ್ರಾಜೆಕ್ಟು, ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಬಾಡಿಗೆ ಮನೆ. ಮಾರ್ಚ್ 4ಕ್ಕೆ ಕೀನ್ಯಾ ಎಲೆಕ್ಷನ್, ಅದಕ್ಕೆ ಹದಿನೈದು ದಿನ ಇದೆ ಅನ್ನುವಾಗ್ಲೇ ನಮ್ ಏರಿಯಾದ ಗುಜರಾತಿ ಅಂಗಡಿಗಳಲ್ಲಿ ಹಿಟ್ಟು, ಬೇಳೆ, ಎಣ್ಣೆಗೆ ನೂಕುನುಗ್ಗಲು. ಏನು ಎತ್ತ ಅಂತ ವಿಚಾರಿಸ್ದೆ ನಾನೂ 20 ಕೆಜಿ ಗೋಧಿಹಿಟ್ಟು ತಂದು ಅಡುಗೆಮನೆ ಮೂಲೇಲಿ ಇಟ್ಟೆ. ಒಬ್ಬನೇ ಇರೋನಿಗೆ 20 ಕೆಜಿ!

ನಮ್ ಬಿಲ್ಡಿಂಗಿನ ವಾಚ್‌ಮನ್ ಅದನ್ನ ಮೇಲೆ ಹೊತ್ಕೊಂಡ್ ಬಂದು ಇಳಿಸಿ, "ಬಾಸ್, ನಾನು ಹೆಂಡ್ತಿ ಮಕ್ಕಳನ್ನ ಆಗ್ಲೇ ಊರಿಗೆ ಕಳಿಸ್ಬಿಟ್ಟೆ" ಅಂದ. ಐದು ವರ್ಷದ ಹಿಂದೆ, ಹಿಂದಿನ ಎಲೆಕ್ಷನ್ ಗಲಾಟೆ ಟೈಮಲ್ಲಿ, ಅವನು ಪಶ್ಚಿಮ ಕೀನ್ಯಾದ ರಿಫ್ಟ್ ವ್ಯಾಲಿ ಸೀಮೆಯ ಎಲ್ಡೊರೆಟ್ ಪಟ್ಟಣದ ಹತ್ರ ಇದ್ನಂತೆ. ರಸ್ತೆಗೆ ಅಡ್ಡ ಕಲ್ಲಿಟ್ಟು, ಟೈರ್ ಸುಟ್ಟು, ಮಟಾಟು (ಅಲ್ಲಿನ ಮಿನಿಬಸ್ಸು) ನಿಲ್ಲಿಸಿ ಒಬ್ಬೊಬ್ಬರದೇ ಐಡಿ ಕಾರ್ಡ್ ನೋಡೋರಂತೆ. ಹೆಸರು ಓದಿದ್ರೆ ಯಾವ ಬುಡಕಟ್ಟು ಅಂತ ಗೊತ್ತಾಗುತ್ತಲ್ಲ, ಅಷ್ಟೇ ಸಾಕು. ಇದನ್ನೆಲ್ಲ ಅವನು ನನ್ನ ಮುಖ ನೋಡ್ದೆ, ಹಿಟ್ಟಿನ ಚೀಲಕ್ಕೆ ಹೇಳೋ ಥರ ಹೇಳಿದ.

ಆಮೇಲೆ ನಾನು ರಾತ್ರಿ ಕೂತು ಓದಿದ್ದು. 2007ರ ಡಿಸೆಂಬರ್ 27ಕ್ಕೆ ವೋಟಿಂಗು, 30ಕ್ಕೆ ಆಗಿನ ಅಧ್ಯಕ್ಷ ಕಿಬಾಕಿನೇ ಗೆದ್ರು ಅಂತ ಅನೌನ್ಸ್ ಮಾಡಿ ಅದೇ ಸಂಜೆ ಗಡಿಬಿಡೀಲಿ ಪ್ರಮಾಣವಚನಾನೂ ಮುಗಿಸ್ಬಿಟ್ರು, ಎದುರಾಳಿ ರೈಲಾ ಒಡಿಂಗಾ ಕಡೆಯೋರು ಮೋಸ ಮೋಸ ಅಂತ ಬೀದಿಗಿಳಿದ್ರು, ಸಾಲದ್ದಕ್ಕೆ ಎಲೆಕ್ಷನ್ ಕಮಿಷನ್ ಅಧ್ಯಕ್ಷರೇ ಆಮೇಲೆ ಯಾರು ಗೆದ್ರೋ ನಂಗೊತ್ತಿಲ್ಲ ಅಂದ್ಬಿಟ್ರು. ಜನವರಿ 1ನೇ ತಾರೀಕು ಎಲ್ಡೊರೆಟ್ ಹತ್ರ ಕಿಯಂಬಾದಲ್ಲಿ ಚರ್ಚ್ ಒಳಗೆ ಬಚ್ಚಿಟ್ಕೊಂಡಿದ್ದೋರನ್ನ, ಹೆಂಗಸ್ರು ಮಕ್ಕಳು ಅನ್ನದೆ, ಸುಟ್ಟುಹಾಕಿದ್ರು. ಎರಡು ತಿಂಗಳಲ್ಲಿ 1,100ಕ್ಕಿಂತ ಜಾಸ್ತಿ ಜನ ಸತ್ತು, ಸುಮಾರು 6 ಲಕ್ಷ ಜನ ಮನೆ ಬಿಟ್ಟು ಓಡಿದ್ರು.

ಅಲ್ಲಿಗೆ ರಾಜಿ ಮಾಡ್ಸೋಕೆ ಬಂದಿದ್ದು ವಿಶ್ವಸಂಸ್ಥೆಯ ಮಾಜಿ ಮುಖ್ಯಸ್ಥ ಕೋಫಿ ಅನ್ನಾನ್. ಆಫ್ರಿಕನ್ ಯೂನಿಯನ್ ಕಡೆಯಿಂದ, ಜೊತೆಗೆ ಮಂಡೇಲಾ ಹೆಂಡ್ತಿ ಗ್ರಾಸಾ ಮಶೆಲ್ ಮತ್ತೆ ತಾಂಜಾನಿಯಾದ ಮಾಜಿ ಅಧ್ಯಕ್ಷ ಎಂಕಾಪಾ. ಬಂದು ಎರಡೇ ದಿನಕ್ಕೆ, ಜನವರಿ 24ಕ್ಕೆ, ಕಿಬಾಕಿ, ಒಡಿಂಗಾ ಇಬ್ರನ್ನೂ ಅಧ್ಯಕ್ಷರ ಕಚೇರಿ ಹರಾಂಬೀ ಹೌಸ್ ಮೆಟ್ಟಿಲ ಮೇಲೆ ನಿಲ್ಲಿಸಿ ಕೈ ಕುಲುಕಿಸಿದ್ರು. ಕೈ ಕುಲುಕಿದ ತಕ್ಷಣ ಏನೂ ಮುಗೀಲಿಲ್ಲ ಬಿಡಿ. ಎರಡೂ ಕಡೆಯೋರ ಮಾತುಕತೆ ಸೆರೆನಾ ಹೋಟೆಲಲ್ಲಿ ವಾರಗಟ್ಲೆ ಎಳೀತು, ಒಂದ್ಸಲ ಎಲ್ಲರನ್ನೂ ತ್ಸಾವೋ ಕಾಡಿನ ಲಾಡ್ಜ್‌ಗೆ ಕರ್ಕೊಂಡೋದ್ರು, ಮಧ್ಯ ಅಮೆರಿಕದ ಆಗಿನ ವಿದೇಶಾಂಗ ಮಂತ್ರಿ ಕಾಂಡೊಲೀಸಾ ರೈಸ್ ಬಂದು ಒತ್ತಡ ಹಾಕಿ ಹೋದ್ರು. ಕೊನೆಗೆ ಅನ್ನಾನ್ ಮಾಡಿದ್ದು ಇಷ್ಟು: ನಿಮ್ ಪ್ರತಿನಿಧಿಗಳ ಜೊತೆ ಇನ್ನು ಸಾಕು ಅಂತ ಮಾತುಕತೆ ನಿಲ್ಲಿಸಿ, ನೇರ ಕಿಬಾಕಿ, ಒಡಿಂಗಾ ಇಬ್ರನ್ನೇ ಕೂರಿಸ್ಕೊಂಡ್ರು. ಫೆಬ್ರವರಿ 28ಕ್ಕೆ ಸಹಿ ಬಿತ್ತು, ಒಡಿಂಗಾಗೆ ಪ್ರಧಾನಿ ಪಟ್ಟ. ನಮ್ಮೂರಲ್ಲಿ ಜಮೀನು ಪಾಲಿನ ಪಂಚಾಯ್ತಿ ನೋಡಿದೋರಿಗೆ ಇದು ಹೊಸದೇನಲ್ಲ, ಬೀಗರು ಭಾವಮೈದುನರನ್ನೆಲ್ಲ ಹೊರಗೆ ಕಳಿಸಿ ಅಣ್ಣತಮ್ಮಂದಿರನ್ನೇ ಕೂರಿಸೋ ತನಕ ಯಾವ ಪಾಲೂ ಇತ್ಯರ್ಥ ಆಗಲ್ಲ.

ಆದ್ರೆ ಅದು ಊರು ಕೊಳ್ಳೆ ಹೊಡೆದ ಮೇಲೆ ಹಾಕಿದ ಕೋಟೆ ಬಾಗಿಲು. ಮೊದ್ಲೇ ಹಾಕೋಕಾಗಲ್ವಾ ಅನ್ನೋದಕ್ಕೇ ಅಮೆರಿಕದ ವಿದೇಶಾಂಗ ಇಲಾಖೆ, ಅಂದ್ರೆ ಸ್ಟೇಟ್ ಡಿಪಾರ್ಟ್‌ಮೆಂಟಲ್ಲಿ ಒಂದು ವಿಭಾಗ ಇತ್ತು, ಬ್ಯೂರೋ ಆಫ್ ಕಾನ್‌ಫ್ಲಿಕ್ಟ್ ಅಂಡ್ ಸ್ಟೆಬಿಲೈಸೇಶನ್ ಆಪರೇಶನ್ಸ್ ಅಂತ, ಬಾಯಲ್ಲಿ ಹಿಡಿಯದ ಹೆಸರು, 2011ರ ನವೆಂಬರಲ್ಲಿ ಶುರುವಾಗಿದ್ದು. ಯಾವ ದೇಶದಲ್ಲಿ ಯಾವಾಗ ಹೊಡೆದಾಟ ಶುರುವಾಗಬಹುದು, ಯಾವ ಜಿಲ್ಲೇಲಿ ಜಮೀನಿನ ತಕರಾರಿದೆ, ಅಲ್ಲಿ ಯಾರ ಮಾತು ಯಾರು ಕೇಳ್ತಾರೆ ಅಂತ ಮುಂಚೇನೇ ಲೆಕ್ಕ ಹಾಕಿ ರಾಯಭಾರಿ ಕಚೇರಿಗೆ ತಲುಪಿಸೋ ಥರದ ಕೆಲಸ. ಶುರುವಲ್ಲಿ ಅವರು ಆರಿಸ್ಕೊಂಡ ನಾಕು ದೇಶದಲ್ಲಿ ಕೀನ್ಯಾನೂ ಒಂದು (ಉಳಿದಿದ್ದು ಸಿರಿಯಾ, ಹೊಂಡುರಾಸ್, ಬರ್ಮಾ). ನಾನು ಹಿಟ್ಟಿನ ಚೀಲ ಹೊರಿಸ್ತಿದ್ದ ಟೈಮಲ್ಲಿ ಅವರ ಜನ ಕೀನ್ಯಾದ ಸ್ಥಳೀಯ ಸಂಘಗಳ ಜೊತೆ ಸೇರಿ ಇದೇ ಕೆಲಸದಲ್ಲಿದ್ರು ಅಂತ ನಂಗೊತ್ತಾಗಿದ್ದು ವರ್ಷಗಳಾದ್ಮೇಲೆ.

ಎಲೆಕ್ಷನ್ ದಿನ ಬಂತು. ರಸ್ತೆ ಖಾಲಿ, ಅಂಗಡಿ ಬಂದ್. ಟಿವಿ ರೇಡಿಯೋ ಹಾಕಿದ್ರೆ ಬರೀ ಶಾಂತಿ ಶಾಂತಿ ಅಂತ ಹಾಡು, ಎಷ್ಟಂದ್ರೆ ನಮ್ ಆಫೀಸಿನ ಕೀನ್ಯಾ ಹುಡುಗ್ರೇ ರೇಗ್ತಿದ್ರು, ಪ್ರಶ್ನೆ ಕೇಳಿದ್ರೂ ಶಾಂತಿಭಂಗ ಅಂತಾರೆ ಅಂತ. ಐದು ದಿನ ಎಣಿಸಿದ್ರು! 9ನೇ ತಾರೀಕು ಒಡಿಂಗಾ ಎದುರಾಳಿ ಉಹುರು ಕೆನ್ಯಾಟಾಗೆ 50.07 ಪರ್ಸೆಂಟು ಅಂತ ಬಂತು, ಒಡಿಂಗಾ ಈ ಸಲ ಬೀದಿಗೆ ಬದ್ಲು ಸುಪ್ರೀಂ ಕೋರ್ಟಿಗೆ ಹೋದ್ರು, ಅಲ್ಲೂ ಸೋತು ತೀರ್ಪು ಒಪ್ಕೊಂಡ್ರು.

ಹಾಗಾದ್ರೆ ಜಗಳ ತಪ್ಪಿಸಿದ್ದು ಯಾರು? ಇಲ್ಲೇ ನಂಗೆ ಕಿರಿಕಿರಿ. 2007ರಲ್ಲಿ ಕಿಬಾಕಿ ಕಡೆ ಇದ್ದ ಉಹುರು ಮತ್ತೆ ಒಡಿಂಗಾ ಕಡೆ ಇದ್ದ ವಿಲಿಯಂ ರೂಟೊ, ಇಬ್ರ ಮೇಲೂ ಆ ಗಲಭೆಗೆ ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಲ್ಲಿ ಕೇಸ್ ಬಿದ್ದಿದ್ರಿಂದ 2013ಕ್ಕೆ ಒಂದಾಗ್ಬಿಟ್ಟಿದ್ರು. ಅವರು ಒಂದಾದ್ರೆ ರಿಫ್ಟ್ ವ್ಯಾಲಿಲಿ ಉಹುರು ಬುಡಕಟ್ಟಿನ ಕಿಕುಯು ಜನ, ರೂಟೊ ಬುಡಕಟ್ಟಿನ ಕಲೆಂಜಿನ್ ಜನ ಹೊಡೆದಾಡೋಕೆ ಕಾರಣಾನೇ ಉಳೀಲಿಲ್ಲ. 2010ರ ಹೊಸ ಸಂವಿಧಾನ, ಸ್ವಲ್ಪ ನಂಬಿಕೆ ಬಂದಿದ್ದ ಕೋರ್ಟು, ಊರೂರಲ್ಲಿ ಓಡಾಡಿದ ಕೀನ್ಯಾ ಜನ ಇವೆಲ್ಲ ಬೇರೆ. ಇನ್ನು ಅಮೆರಿಕದ ದೊಡ್ಡ ಡಿಪ್ಲೊಮಾಟ್ ಜಾನಿ ಕಾರ್ಸನ್ ಎಲೆಕ್ಷನ್‌ಗೆ ಮುಂಚೆ "ನೀವು ಆರಿಸೋದಕ್ಕೆ ಪರಿಣಾಮಾನೂ ಇರುತ್ತೆ" ಅನ್ನೋ ಥರ ಹೇಳಿ ಉಹುರು ಕಡೆಯೋರಿಗೇ ಅನುಕೂಲ ಮಾಡ್ಕೊಟ್ರು ಅಂತ ಅಲ್ಲಿ ಸುಮಾರ್ ಜನ ಅಂತಿದ್ರು. ಎಲ್ಲರೂ ರಿಫ್ಟ್ ವ್ಯಾಲಿ ಕಡೆ ಕಣ್ಣಿಟ್ಟಿದ್ದಾಗ 2012ರಲ್ಲಿ ತಾನಾ ನದಿ ಮುಖಜದಲ್ಲಿ ಪೊಕೊಮೊ, ಒರ್ಮಾ ಜನ ಹೊಡೆದಾಡಿ ನೂರಕ್ಕಿಂತ ಜಾಸ್ತಿ ಜನ ಸತ್ರಲ್ಲ, ಅದನ್ನ ಯಾರೂ ತಡೀಲಿಲ್ಲ.

ಹಂಗಂತ ಆ ಬ್ಯೂರೋ ವೇಸ್ಟು ಅಂತ ನಾನು ಹೇಳಲ್ಲ, ಅನ್ನಾನ್ ಥರದೋರು ಬಂದು ಕೂರೋಕ್ ಮುಂಚೆ ಯಾರನ್ನ ಕೂರಿಸ್ಬೇಕು ಅಂತ ಗೊತ್ತಿರೋರು ಬೇಕೇ ಬೇಕು. ಕಷ್ಟ ಏನಂದ್ರೆ ಬಜೆಟ್ ಕೇಳೋ ದಿನ ತೋರ್ಸೋಕೆ ಕೈಲಿ ಏನೂ ಇರಲ್ಲ. ಆಗದೇ ಇರೋ ಗಲಾಟೆ ಫೋಟೋ ಎಲ್ಲಿಂದ ತರ್ತಾರೆ? 2019ರಲ್ಲಿ ಟ್ರಂಪ್ ಸಹಿ ಹಾಕಿದ ಗ್ಲೋಬಲ್ ಫ್ರಜಿಲಿಟಿ ಆಕ್ಟ್ ಅಂತ, ಇಂಥ ಗಲಾಟೆ ಮೊದ್ಲೇ ತಡೆಯೋಕೆ ಒಂದು ಕಾನೂನೇ ಬಂತು, ಅದರಡಿ ಆರಿಸಿದ ದೇಶಗಳ ಹೆಸರು ಪ್ರಕಟ ಮಾಡೋಕೆ 2022 ಆಯ್ತು, 2025ರಲ್ಲಿ ಅದೇ ಟ್ರಂಪ್ ಸರ್ಕಾರ ಸ್ಟೇಟ್ ಡಿಪಾರ್ಟ್‌ಮೆಂಟನ್ನ ಚಿಕ್ಕದು ಮಾಡ್ತೀವಿ ಅಂತ ಹೊರಟು ಆ ಬ್ಯೂರೋನೇ ಮುಚ್ತು. ಜುಲೈನಲ್ಲಿ ಒಂದೇ ದಿನ ಇಡೀ ಇಲಾಖೆಯಿಂದ 1,300ಕ್ಕೂ ಹೆಚ್ಚು ಜನಕ್ಕೆ ಕೆಲಸ ಹೋಯ್ತು.

ವಾಚ್‌ಮನ್ ಹೆಂಡ್ತಿ ಮಕ್ಕಳು ಆ ವರ್ಷ ಏಪ್ರಿಲ್‌ನಲ್ಲಿ ವಾಪಸ್ ಬಂದ್ರು. ಚಿಕ್ಕ ಹುಡುಗಿ ಗೇಟ್ ಹತ್ರ ಹಗ್ಗದಾಟ ಆಡ್ತಿದ್ಲು. ನಾನು ಆವತ್ತು ಅಡುಗೆಮನೆ ಚೀಲ ಬಿಚ್ಚಿ ನೋಡಿದ್ರೆ ಹಿಟ್ಟಿನ ತುಂಬ ಹುಳ. ಅವನನ್ನೇ ಕರೆದು ಕೆಳಗೆ ಹೊರಿಸ್ದೆ. ಏನ್ ಬಾಸ್, ತಿನ್ನಲಿಲ್ವಾ ಅಂತ ನಕ್ಕ.