ಝಾವೋಶಿಂಗ್ ದಿನಚರಿ: ಸ್ಟೇಜ್ ಶೋ ಮುಗಿದ ಮೇಲೂ ಉಳ್ಕೊಳ್ಳಿ

2019 ಅಕ್ಟೋಬರ್ 12, ಶನಿವಾರ
ಝಾವೋಶಿಂಗ್, ಗುಯ್‌ಝೋ ಪ್ರಾಂತ್ಯ, ಚೀನಾ

ನ್ಯಾಷನಲ್ ಡೇ ರಜೆ ಮುಗಿದಿದೆ ಆದ್ರೂ ಮೇನ್ ರೋಡಲ್ಲಿ ಟೂರಿಸ್ಟ್ ಗಲಾಟೆ ಇದ್ದೇ ಇದೆ. ಇದು ದೋಂಗ್ ಜನರ ಊರು. ಚೀನಾ ಸರ್ಕಾರ ಗುರುತಿಸಿರೋ 55 ಅಲ್ಪಸಂಖ್ಯಾತ ಸಮುದಾಯಗಳಲ್ಲಿ ಇವರದೂ ಒಂದು. 2014ರ ಕೊನೇಲಿ ಗುಯ್‌ಯಾಂಗ್–ಗುವಾಂಗ್‌ಝೋ ಬುಲೆಟ್ ಟ್ರೈನ್ ಶುರುವಾದ ಮೇಲೆ ಇಲ್ಲಿಗೆ ಬರೋದು ತುಂಬ ಸುಲಭ ಆಗಿದೆ. ಇಳಿಯೋ ಸ್ಟೇಷನ್ ಹೆಸರು ಮಾತ್ರ ತ್ಸೋಂಗ್‌ಜಿಯಾಂಗ್ ಅಂತ ಇದೆ, ಟಿಕೆಟ್ ಮಾಡೋವಾಗ ನೆನಪಿರಲಿ.

ಊರಲ್ಲಿ ಐದು ಡೋಲು ಗೋಪುರ ಇದಾವೆ. ಐದು ಬಣಗಳಿಗೆ ಒಂದೊಂದು, ಹೆಸರುಗಳೂ ಕನ್‌ಫ್ಯೂಷಿಯಸ್ ಪಂಥದ ಐದು ಗುಣಗಳದ್ದೇ: ದಯೆ, ನ್ಯಾಯ, ನಡತೆ, ವಿವೇಕ, ನಂಬಿಕೆ. ಪೂರ್ತಿ ಮರದ್ದು, ಮೊಳೆ ಹೊಡೆಯದೆ ಮರಕ್ಕೆ ಮರ ಕೂಡಿಸಿ ಕಟ್ಟಿರೋದು. ಕೆಳಗೆ ಬೆಂಚು, ನಡುವೆ ಬೆಂಕಿಗುಂಡಿ, ಹಿಂದೆ ಮೇಲಿನ ಡೋಲು ಬಾರಿಸಿದ್ರೆ ಊರವರೆಲ್ಲ ಇಲ್ಲಿ ಸೇರ್ತಿದ್ರು, ಪಂಚಾಯ್ತಿಯೂ ಇಲ್ಲೇ ಹಾಡೂ ಇಲ್ಲೇ.

ನಾನು ಬಂದಿದ್ದೇ ಹಾಡಿಗೋಸ್ಕರ. ದೋಂಗ್ ಮಹಾಗಾನ, 2009ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ವಾದ್ಯ ಇಲ್ಲ, ಮುಂದೆ ನಿಂತು ಕೈ ಆಡಿಸೋ ಕಂಡಕ್ಟರ್ ಇಲ್ಲ. ಹೆಚ್ಚಿನವರು ಕೆಳಗಿನ ಸ್ವರ ಹಿಡಿದಿರ್ತಾರೆ, ಒಬ್ರೋ ಇಬ್ರೋ ಅದರ ಮೇಲೆ ಬೇರೇನೇ ದಾರಿ ಹಿಡಿದು ಹೋಗ್ತಾರೆ, ಒಬ್ಬರು ಉಸಿರು ತಗೊಳ್ಳೋವಾಗ ಪಕ್ಕದವರು ಹಾಡ್ತಾ ಇರ್ತಾರೆ ಅದಕ್ಕೇ ಎಲ್ಲೂ ಕಡಿಯೋದಿಲ್ಲ. ಜೀರುಂಡೆ ಸದ್ದನ್ನ ಹಾಡಾಗಿಸಿರೋದು ಕೇಳಿದ್ರೆ ಮೈ ಜುಮ್ಮನ್ನುತ್ತೆ. ದೋಂಗ್ ಭಾಷೆಗೆ ಲಿಪಿ ಅಂತ ಮಾಡಿದ್ದೇ 1958ರಲ್ಲಿ, ಅದೂ ರೋಮನ್ ಅಕ್ಷರದಲ್ಲಿ. ಅಲ್ಲೀವರೆಗೆ ವಂಶದ ಕತೆ, ಬೇಸಾಯದ ತಿಳಿವಳಿಕೆ, ಮಕ್ಕಳಿಗೆ ಬುದ್ಧಿಮಾತು ಎಲ್ಲ ಹಾಡಿನಲ್ಲೇ ದಾಟಿ ಬಂದಿರೋದು. ಹಬ್ಬದಲ್ಲಿ ಒಂದು ಬಣದ ಗಂಡಸರು ಇನ್ನೊಂದು ಬಣದ ಹೆಂಗಸರ ಎದುರು ಕೂತು ಹಾಡ್ತಿದ್ರಂತೆ, ಎಷ್ಟೋ ಮದುವೆ ಕುದುರಿದ್ದು ಹಾಗೆ.

ಸ್ಟೇಜ್ ಶೋ ಚೆನ್ನಾಗೇ ಇತ್ತು, ಹಾಡಿದವರು ಇಲ್ಲಿನವರೇ, ಅದರಿಂದ ಅವರಿಗೆ ನಾಲ್ಕು ಕಾಸು ಬರುತ್ತೆ, ಬರಬೇಕು ಕೂಡ. ಆದ್ರೆ ಮೈಕ್ ಇಲ್ಲದೆ ಕೇಳೋದೇ ಬೇರೆ. ಶೋ ಮುಗಿದು ಬಸ್ಸುಗಳೆಲ್ಲ ಹೊರಟ ಮೇಲೆ ಒಂದು ಗೋಪುರದಡಿ ಏಳೆಂಟು ಅಜ್ಜಿಯರು ಕೂತು ಅಭ್ಯಾಸ ಮಾಡ್ತಿದ್ರು. ನಾನು ಅಂಚಲ್ಲಿ ಕೂತೆ, ಒಬ್ಬರು ಸ್ವಲ್ಪ ಸರಿದು ಬೆಂಚಲ್ಲಿ ಜಾಗ ಕೊಟ್ರು. ಮಧ್ಯೆ ನಿಲ್ಲಿಸಿ ಏನೋ ತಿದ್ದೋದು, ಮತ್ತೆ ಅದೇ ಸಾಲು, ಮತ್ತೆ ನಗು. ಫೋನ್ ತೆಗೆಯೋಕೆ ಮನಸ್ಸಾಗ್ಲಿಲ್ಲ. ಒಂದೇ ದಿನದಲ್ಲಿ ಬಂದು ಹೋಗೋರಿಗೆ ಇದು ಸಿಗಲ್ಲ, ದಯವಿಟ್ಟು ಒಂದು ರಾತ್ರಿನಾದ್ರೂ ಉಳ್ಕೊಳ್ಳಿ.

ಮಧ್ಯಾಹ್ನ ಗಲ್ಲಿಗಳಲ್ಲಿ ಬಟ್ಟೆ ಬಡಿಯೋ ಸದ್ದು. ನೀಲಿ ಬಣ್ಣದಲ್ಲಿ ಮತ್ತೆ ಮತ್ತೆ ಅದ್ದಿ, ಒಣಗಿಸಿ, ಮೊಟ್ಟೆಯ ಬಿಳಿ ಲೋಳೆ ಬಳಿದು ಕಲ್ಲಿನ ಮೇಲೆ ಕೊಡತೀಲಿ ಬಡಿದೂ ಬಡಿದೂ ಕೊನೆಗೆ ನೇರಳೆ ಹಣ್ಣಿನ ಸಿಪ್ಪೆ ಥರ ಮಿಂಚುತ್ತೆ ಆ ಬಟ್ಟೆ. ಬಾಡಿಗೆ ಡ್ರೆಸ್ ಅಂಗಡೀಲಿ ದೋಂಗ್ ಉಡುಪಿಗೆ ಮಿಯಾವ್ ಅನ್ನೋ ಬೇರೆ ಸಮುದಾಯದ ಜನರ ಬೆಳ್ಳಿ ಕಿರೀಟ ಸೇರಿಸಿ ಫೋಟೋ ತೆಗಿತಾರೆ, ನಂಗಿದು ಸರಿ ಅನ್ಸಲ್ಲ. ಅದರ ಬದಲು ಬಟ್ಟೆ ಬಡಿಯೋ ಹೆಂಗಸರಿಂದ್ಲೇ ಒಂದು ತುಂಡು ಕೊಂಡ್ಕೊಳ್ಳಿ.

ಊಟ: ಹುಳಿ ಬರಿಸಿದ ಗದ್ದೆ ಮೀನು ಇಲ್ಲಿನ ವಿಶೇಷ. ಈ ಸೀಮೇಲಿ ಭತ್ತದ ಗದ್ದೇಲೇ ಮೀನು, ಬಾತುಕೋಳಿ ಸಾಕ್ತಾರೆ. ಸಸ್ಯಾಹಾರಿಗಳು ಹಂದಿ ಕೊಬ್ಬು ಹಾಕ್ತೀರಾ ಅಂತ ಮೊದಲೇ ಕೇಳ್ಬಿಡಿ, ಪಲ್ಯಕ್ಕೂ ಹಾಕ್ತಾರೆ. ಹುರಿದ ಚಹಾ ಎಲೆ ಕುದಿಸಿ ಮಂಡಕ್ಕಿ, ಕಡಲೆಕಾಯಿ ಹಾಕಿ ಕೊಡೋ ಎಣ್ಣೆ ಚಹಾ ನಂಗೆ ಬಹಳ ಹಿಡಿಸ್ತು.

ನಾಳೆ ಬೆಳಿಗ್ಗೆ ಗಾಡೀಲಿ ಬೆಟ್ಟದ ಮೇಲಿನ ತಾಂಗ್‌ಆನ್‌ಗೆ ಹೋಗಿ, ಮೆಟ್ಟಿಲು ಗದ್ದೆಗಳ ದಾರೀಲಿ ನಡೆದು ಇಳಿಯೋದು, ಸಂಜೆ ಮತ್ತೆ ಅಜ್ಜಿಯರ ಅಭ್ಯಾಸಕ್ಕೆ.