ಸೈನ್ ಹಾಕದೆ ಬಂದ ಆ ಕಾಗದ

ಕಳೆದ ಜುಲೈಯಲ್ಲಿ ನನಗೆ ಇಲಿ ಜ್ವರ ಬಂತು. ಗದ್ದೆಯ ಬದುವಿನಲ್ಲೇ ನಡೆದು ಬಸ್ಸಿಗೆ ಹೋಗುವವಳು ನಾನು. ಚಪ್ಪಲಿ ಕಚ್ಚಿದ ಗಾಯಕ್ಕೆ ಕೆಸರು ನೀರು ತಾಗಿತ್ತು. ಮೂರು ದಿನ ಮಾತ್ರೆ ನುಂಗಿಕೊಂಡು ಹತ್ತನೆಯವರಿಗೆ ಗಣಿತ ಪಾಠ ಮಾಡಿದೆ. ನಾಲ್ಕನೇ ದಿನ ಕಣ್ಣು ಹಳದಿಯಾಯಿತು. ಕಿಡ್ನಿಗೂ ತೊಂದರೆಯಾಗಿ 16 ದಿನ ಆಸ್ಪತ್ರೆಯಲ್ಲಿದ್ದೆ. ಆಮೇಲೆ ಡಾಕ್ಟರು ಆರು ವಾರ ವಿಶ್ರಾಂತಿ ಬರೆದರು.

ಉಡುಪಿ ತಾಲೂಕಿನ ಒಂದು ಅನುದಾನರಹಿತ ಶಾಲೆಯಲ್ಲಿ ನನಗದು ಒಂಬತ್ತನೇ ವರ್ಷ. ರಾಜ್ಯ ಪಠ್ಯಕ್ರಮದ ಶಾಲೆ. ನಮ್ಮ ಯಜಮಾನರು ಮೆಡಿಕಲ್ ಸರ್ಟಿಫಿಕೇಟಿನ ಫೋಟೋ ತೆಗೆದು ಹೆಡ್ ಟೀಚರಿಗೆ ವಾಟ್ಸ್‌ಆ್ಯಪ್ ಮಾಡಿದ್ದರು. ‘ಹುಷಾರಾಗಿ ಬನ್ನಿ ಟೀಚರ್’ ಅಂತ ಉತ್ತರ ಬಂತು. ರಜೆ ಸಿಕ್ಕಿತು ಅಂದುಕೊಂಡೆವು.

ಸೆಪ್ಟೆಂಬರಿನಲ್ಲಿ ಹೋದರೆ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿಲ್ಲ. ಸಂಚಾಲಕರು ಎರಡು ಸಾಲಿನ ಪತ್ರ ಕೊಟ್ಟರು. ಅನುಮತಿ ಇಲ್ಲದೆ ಗೈರುಹಾಜರಾದ್ದರಿಂದ ಒಪ್ಪಂದ ರದ್ದು. ಜೊತೆಗೆ ಟೈಪ್ ಮಾಡಿಟ್ಟ ರಾಜೀನಾಮೆ. ‘ಇದಕ್ಕೆ ಸೈನ್ ಹಾಕಿ, ಅನುಭವ ಪತ್ರ ಇವತ್ತೇ ಕೊಡ್ತೇವೆ.’ ಪೆನ್ನು ಕೈಯಲ್ಲಿತ್ತು. ಮೇಲಿನ ಕ್ಲಾಸಿನಿಂದ ಮಕ್ಕಳು ಮಗ್ಗಿ ಹೇಳುವುದು ಕೇಳುತ್ತಿತ್ತು. ನನ್ನಿಂದ ಆಗಲಿಲ್ಲ, ಎದ್ದು ಬಂದೆ.

ಲೇಬರ್ ಆಫೀಸಿಗೆ ಹೋಗಬೇಕು ಅಂತ ನನ್ನ ಲೆಕ್ಕಾಚಾರ. ಅತ್ತಿಗೆಯ ಪರಿಚಯದ ವಕೀಲರು ತಡೆದರು. ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಹೇಳಿದ ‘ಕಾರ್ಮಿಕ’ ಶಿಕ್ಷಕರಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆಯಂತೆ. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. ‘ನಿಮ್ಮನ್ನು ಒಮ್ಮೆಯಾದರೂ ಕರೆದು ಕೇಳಿದ್ದಾರಾ?’

ಇಲ್ಲ. ಯಾರೂ ಕೇಳಿರಲಿಲ್ಲ.

ಕರ್ನಾಟಕ ಶಿಕ್ಷಣ ಕಾಯ್ದೆ, 1983ರ 92ನೇ ಕಲಮು ಇರುವುದೇ ಇದಕ್ಕೆ. ನಿಮ್ಮ ಮೇಲಿನ ಆರೋಪ ಏನು ಅಂತ ತಿಳಿಸಬೇಕು, ನಿಮ್ಮ ಮಾತು ಕೇಳಬೇಕು, ವಿಚಾರಣೆ ಮಾಡಬೇಕು. ಅದಿಲ್ಲದೆ ವಜಾ ಮಾಡುವ ಹಾಗಿಲ್ಲ. ಮಾಡಿದರೆ 94ನೇ ಕಲಮಿನ ಪ್ರಕಾರ ಆದೇಶ ಕೈಗೆ ಸಿಕ್ಕಿದ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ನ್ಯಾಯಮಂಡಳಿ ಅಂದರೆ ದೂರದ ಬೆಂಗಳೂರಲ್ಲ, ನಮ್ಮ ಜಿಲ್ಲಾ ನ್ಯಾಯಾಧೀಶರೇ. ಈ ಮೂರು ತಿಂಗಳು ಎಷ್ಟೋ ಟೀಚರುಗಳಿಗೆ ‘ಹೇಳಿ ನೋಡುವ, ಕರೀತಾರೆ’ ಅನ್ನುವುದರಲ್ಲೇ ಕಳೆದುಹೋಗುತ್ತದೆ. ನಾನು ನವೆಂಬರಿನಲ್ಲಿ ಹಾಕಿದೆ.

ಖಾಸಗಿ ಶಾಲೆಗೆ ಈ ನಿಯಮ ಇಲ್ಲ ಅಂತ ಸಹೋದ್ಯೋಗಿಗಳೂ ಹೇಳಿದ್ದರು. ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣ ಗೊತ್ತಲ್ವಾ? 2002ರಲ್ಲಿ 11 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟದ್ದು. ಖಾಸಗಿ ಆಡಳಿತ ಮಂಡಳಿಗಳಿಗೆ ಜಾಸ್ತಿ ಸ್ವಾತಂತ್ರ್ಯ ಕೊಟ್ಟ ತೀರ್ಪು ಅದು. ಆದರೆ ಶಿಕ್ಷಕರ ಮೇಲೆ ಕ್ರಮಕ್ಕೆ ಮೊದಲು ವಿಚಾರಣೆ ಬೇಕು, ಕೇಳಿಕೊಳ್ಳಲು ಜಿಲ್ಲೆಯಲ್ಲೇ ನ್ಯಾಯಮಂಡಳಿ ಬೇಕು ಅಂತ ಅದರಲ್ಲೇ ಇದೆ. ಕಾಯಿಲೆಯಿಂದ ಬರಲಾಗದ್ದನ್ನು ಬೇಕೆಂದೇ ಗೈರಾದದ್ದು ಅನ್ನಲಾಗದು ಅಂತಲೂ ಸುಪ್ರೀಂ ಕೋರ್ಟ್ 2012ರಲ್ಲಿ, ಕೇಂದ್ರ ಸರಕಾರಿ ನೌಕರರೊಬ್ಬರ ಪ್ರಕರಣದಲ್ಲಿ ಹೇಳಿದೆ. ಇದನ್ನು ಓದಿದ ರಾತ್ರಿ ನಾನು ಅತ್ತೆ.

ಕಷ್ಟ ಇರುವುದು ಒಪ್ಪಂದದ ಪತ್ರದಲ್ಲಿ. ಪ್ರತಿ ಜೂನ್‌ನಲ್ಲಿ ಒಂದು ವರ್ಷಕ್ಕೆ ಅಂತ ಸೈನ್ ಮಾಡಿಸುತ್ತಿದ್ದರು. ‘ಅವಧಿ ಮುಗಿಯುವ ನೌಕರಿಗೆ ವಜಾ ಎಲ್ಲಿಯದು?’ ಅಂತ ಅವರ ವಕೀಲರ ವಾದ. ಅವಧಿ ಮುಗಿಯಲು ಇನ್ನೂ ತಿಂಗಳುಗಳಿದ್ದವು, ಕಾರಣ ಕೊಟ್ಟು ತೆಗೆದಿದ್ದಾರೆ, ಅನ್ನುವುದು ನಮ್ಮದು. ಒಂಬತ್ತು ಪತ್ರಗಳ ಪ್ರತಿಯನ್ನೂ ನಾನು ಇಟ್ಟುಕೊಂಡದ್ದು ಒಳ್ಳೆಯದಾಯಿತು. ನೀವೂ ಪ್ರತಿ ಕೇಳಿ ಪಡೆಯಿರಿ. ರಜೆ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲೂ ಕಳುಹಿಸಿ, ರಶೀದಿ ಎಸೆಯಬೇಡಿ.

ಆ ವಾಟ್ಸ್‌ಆ್ಯಪ್ ಉತ್ತರವೇ ಈಗ ನಮ್ಮ ದೊಡ್ಡ ಸಾಕ್ಷಿ. ಸುಮ್ನೆ ಪ್ರಿಂಟ್ ಕೊಟ್ಟರೆ ಸಾಲದು, ಅದು ಯಾವ ಫೋನಿನಿಂದ ತೆಗೆದದ್ದು ಅಂತ ತಿಳಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗೆ ಬೇಕು. ಯಜಮಾನರು ಹೊಸ ಫೋನ್ ತಗೊಂಡಿದ್ದಾರೆ. ಗಾಜು ಒಡೆದ ಹಳೆಯದನ್ನು ಟವೆಲ್‌ನಲ್ಲಿ ಸುತ್ತಿ ಕಪಾಟಿನಲ್ಲಿಟ್ಟು, ವಾರಕ್ಕೊಮ್ಮೆ ಚಾರ್ಜ್ ಮಾಡುತ್ತೇನೆ. ಮುಂದಿನ ತಿಂಗಳು ನನ್ನ ಸಾಕ್ಷ್ಯ.