ಕಿಲ್ಮೈನ್‌ಹ್ಯಾಮ್ ಸೆರೆಮನೆಯ ಕುರ್ಚಿ

ಹೋದ ಬೇಸಿಗೆಯಲ್ಲಿ ಪಿಯುಸಿ ವಿದ್ಯಾರ್ಥಿಗಳೊಡನೆ ಕೊಪ್ಪಳದ ಕೋಟೆ ಹತ್ತಿ, 1858ರಲ್ಲಿ ಮುಂಡರಗಿ ಭೀಮರಾಯರು ಬ್ರಿಟಿಷರ ವಿರುದ್ಧ ಹೋರಾಡಿ ಮಡಿದ ಕಥೆಯನ್ನು ಹೇಳುತ್ತಿದ್ದೆ. ಮಾತು ಐರ್ಲೆಂಡಿನವರು ಬ್ರಿಟಿಷರ ವಿರುದ್ಧವೇ ಎದ್ದ 1916ರ ಈಸ್ಟರ್ ದಂಗೆಯತ್ತ ಹೊರಳಿದಾಗ ಹುಡುಗನೊಬ್ಬ, "ಒಂದ್ ವಾರದಾಗ ಸೋತ್ರಂದ್ರ ಅದೆಂಥ ದಂಗೆರೀ ಸರ?" ಎಂದು ಕೇಳಿದ. ಅಂದು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ ದಂಗೆ ಆರಂಭಕ್ಕೆ ಮುನ್ನವೇ ಅರ್ಧ ಮುರಿದಿತ್ತು. ಜರ್ಮನಿಯಿಂದ ಬಂದೂಕು ಹೊತ್ತು ಬಂದ ಹಡಗು ಬ್ರಿಟಿಷರ ಕೈಗೆ ಸಿಕ್ಕಿ ಮುಳುಗಿತು. ಐರಿಷ್ ಸ್ವಯಂಸೇವಕ ಪಡೆಯ ಮುಖ್ಯಸ್ಥ ಮ್ಯಾಕ್‌ನೀಲ್ ಅವರು ಭಾನುವಾರದ ಪತ್ರಿಕೆಯಲ್ಲಿಯೇ ದಂಗೆಗೆ ನೆಪವಾಗಿದ್ದ ಅಂದಿನ ಕವಾಯತು ರದ್ದೆಂದು ಪ್ರಕಟಿಸಿದರು. ಆದರೂ ಏಪ್ರಿಲ್ 24ರ ಸೋಮವಾರ ಅಳಿದುಳಿದವರು ಡಬ್ಲಿನ್ನಿನ ಪ್ರಧಾನ ಅಂಚೆ ಕಚೇರಿಯನ್ನು ಹಿಡಿದರು, ದಂಗೆಯ ನಾಯಕ ಪ್ಯಾಟ್ರಿಕ್ ಪಿಯರ್ಸ್ ಅದರೆದುರು ನಿಂತು ಗಣರಾಜ್ಯದ ಘೋಷಣೆಯನ್ನು ಓದಿದರು. ಫಿರಂಗಿಗಳೆದುರು ಆ ಪಡೆ ನಿಲ್ಲುವಂತಿರಲಿಲ್ಲ. ನಾಗರಿಕರು ಸಾಯುವುದನ್ನು ನೋಡಲಾರದೆ ಪಿಯರ್ಸ್ ಶನಿವಾರ ಶರಣಾದರು. ಆ ಸಂದೇಶ ಹೊತ್ತು, ಬಿಳಿ ಬಾವುಟ ಹಿಡಿದು ಗುಂಡಿನ ಬೀದಿಯಲ್ಲಿ ನಡೆದವರು ದಾದಿ ಎಲಿಜಬೆತ್ ಓಫ್ಯಾರೆಲ್. ಸತ್ತ ಸುಮಾರು 485 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ದಂಗೆಗೆ ಸಂಬಂಧವಿಲ್ಲದ ನಾಗರಿಕರು. ಸೆರೆಯಾಳುಗಳನ್ನು ಬೀದಿಯಲ್ಲಿ ನಡೆಸಿಕೊಂಡು ಹೋಗುವಾಗ ಊರಿನ ಎಷ್ಟೋ ಜನ ಅವರನ್ನು ಬೈದರು. ಮನೆಯವರನ್ನು ಕಳೆದುಕೊಂಡವರ ಆ ಸಿಟ್ಟನ್ನು ನಾನು ತಪ್ಪೆನ್ನಲಾರೆ.

ಆ ಸಿಟ್ಟನ್ನು ತಿರುಗಿಸಿದವರು ಬ್ರಿಟಿಷರೇ ಎಂಬುದು ನನ್ನ ನಂಬಿಕೆ. ಜನರಲ್ ಮ್ಯಾಕ್ಸ್‌ವೆಲ್ ಮುಚ್ಚಿದ ಬಾಗಿಲ ಹಿಂದೆ ವಿಚಾರಣೆ ನಡೆಸಿ, ಮೇ 3ರಿಂದ 12ರವರೆಗೆ ಬಿಡಿಬಿಡಿಯಾಗಿ 15 ಮಂದಿಯನ್ನು ಗುಂಡಿಟ್ಟು ಕೊಲ್ಲಿಸಿದ. ಅವರಲ್ಲೊಬ್ಬರಾದ ಜೋಸೆಫ್ ಪ್ಲಂಕೆಟ್ ಸಾಯುವ ಕೆಲವೇ ಗಂಟೆಗಳ ಮೊದಲು ಡಬ್ಲಿನ್ನಿನ ಕಿಲ್ಮೈನ್‌ಹ್ಯಾಮ್ ಸೆರೆಮನೆಯ ಪ್ರಾರ್ಥನಾಲಯದಲ್ಲಿ ಗ್ರೇಸ್ ಗಿಫರ್ಡ್ ಅವರನ್ನು ಮದುವೆಯಾದರು. ಕಾರ್ಮಿಕ ನಾಯಕ ಜೇಮ್ಸ್ ಕಾನಲಿಯವರ ಕಾಲಿನ ಹರಡು ಗುಂಡೇಟಿಗೆ ನುಚ್ಚಾಗಿತ್ತು. ನಿಲ್ಲಲಾಗದ ಅವರನ್ನು ಕುರ್ಚಿಯಲ್ಲಿ ಕೂರಿಸಿ ಕೊಂದರು. ಆ ಸುದ್ದಿ ಕೇಳಿದ ಮೇಲೆ ಮೊದಲಿನಂತೆ ಬೈಯುವುದು ಯಾರಿಗೆ ತಾನೇ ಸಾಧ್ಯವಿತ್ತು? 1918ರ ಚುನಾವಣೆಯಲ್ಲಿ ಐರ್ಲೆಂಡಿನ 105 ಸ್ಥಾನಗಳಲ್ಲಿ 73ನ್ನು ಗಣರಾಜ್ಯದ ಪರವಾದ ಶಿನ್ ಫೇನ್ ಪಕ್ಷ ಗೆದ್ದಿತು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಣಾನರ ಮನ್ಯಾಗಿನವ್ರಿಗೆ ಕೊಟ್ರೇನ್ರೀ?" ಎಂದ. ಕೊಡಲಿಲ್ಲ, ಡಬ್ಲಿನ್ನಿನಲ್ಲಿ ಕೊಂದ ಹದಿನಾಲ್ವರನ್ನೂ ಆರ್ಬರ್ ಹಿಲ್‌ನ ಸೈನಿಕ ಬಂದೀಖಾನೆಯ ಅಂಗಳದಲ್ಲಿ ಸುಣ್ಣ ಸುರಿದು ಹೂತರು ಎಂದೆ.